ಹಣ್ಣು ನೋಡುವ ಕಣ್ಣು

ದೇವರು ಎಲ್ಲರಿಗೂ ಕಣ್ಣು ಕೊಟ್ಟಿದ್ದಾನೆ, ಆದರೆ ಕಾಫಿ ಹಣ್ಣು ನೋಡುವ ಕಣ್ಣನ್ನು ಶಿವಶಂಕರಪ್ಪನವರೊಬ್ಬರಿಗೇ ಕೊಟ್ಟಿದ್ದಾನೆ. ಶನಿವಾರಸಂತೆಯ ಸುತ್ತಮುತ್ತ ಹೀಗೆಂದು ಹೇಳುತ್ತಿದ್ದವರು ಒಬ್ಬರೇ ಒಬ್ಬರು. ಅವರು ಸ್ವತಃ ಶಿವಶಂಕರಪ್ಪನವರು. ಆದರೆ ಇಪ್ಪತ್ತೈದು ವರ್ಷ ಬಿಡದೆ ಹೇಳಿದ್ದರಿಂದ ಕೇಳಿದವರಿಗೆ ಅದು ನಾಲ್ಕಾರು ಜನ ಹೇಳಿದಂತೆಯೇ ಅನಿಸುತ್ತಿತ್ತು.

ಡಿಸೆಂಬರ್ ಬಂದು ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾಯಿತೆಂದರೆ ಅವರ ಕಣದಲ್ಲಿ ಸಾಯಂಕಾಲದ ಹೊತ್ತು ಒಂದು ಕಟ್ಟುನಿಟ್ಟಿನ ಕಾರ್ಯಕ್ರಮ ನಡೆಯುತ್ತಿತ್ತು. ಹೆಂಗಸರು ತಂತಮ್ಮ ಚೀಲ ಸುರಿದು, ಕೆಂಪು ಹಣ್ಣಿನ ನಡುವೆ ಸೇರಿಕೊಂಡ ಹಸಿರು ಕಾಯಿಗಳನ್ನು ಆರಿಸಿ ತೆಗೆಯಬೇಕು. ಆಮೇಲೇ ತೂಕ. ಶಿವಶಂಕರಪ್ಪನವರು ಬೆತ್ತ ಹಿಡಿದು ರಾಶಿಯಿಂದ ರಾಶಿಗೆ ನಡೆಯುವರು. ಒಂದು ಕಡೆ ನಿಂತು, ಬಗ್ಗಿ, ಒಂದು ಹಣ್ಣನ್ನು ಎತ್ತಿ, ಬಿಸಿಲಿಗೆ ಹಿಡಿದು, ಎಡಗಣ್ಣು ಮುಚ್ಚಿ ತೀರ್ಪು ಕೊಡುವರು.

"ಇದು ಕಾಯಿ. ತೆಗಿ."

"ತೆಗೆದೆ ಅಣ್ಣ," ಎನ್ನುವಳು ಪಿಕ್ಕಿಂಗಿನ ಹೆಂಗಸರಲ್ಲಿ ಹಿರಿಯಳಾದ ವಿಮಲಮ್ಮ. ಅವರು ಅತ್ತ ತಿರುಗಿದ ಕೂಡಲೇ ಆ ಕಾಯಿಯನ್ನು ಮತ್ತೆ ಹಣ್ಣಿನ ರಾಶಿಗೇ ಹಾಕುವಳು. ಯಾಕೆ ಹಾಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಎದುರಾಡುತ್ತಿದ್ದವಳು ಒಬ್ಬಳೇ, ಅವರ ಏಕಮಾತ್ರ ಪುತ್ರಿ ಅಮೃತಾ. ಮೂರು ವರ್ಷದ ಕೂಸಾಗಿದ್ದಾಗಿನಿಂದ ಅಪ್ಪನ ಬೆನ್ನ ಹಿಂದೆ ಕಣದಲ್ಲಿ ಓಡಾಡುತ್ತ, "ಅಪ್ಪಾ, ಅದು ಹಣ್ಣು," "ಅಪ್ಪಾ, ಅದು ಕಾಯಿ," ಎಂದು ಪ್ರತಿ ತೀರ್ಪಿಗೂ ಮೇಲ್ಮನವಿ ಸಲ್ಲಿಸುತ್ತಿದ್ದಳು. ಶಿವಶಂಕರಪ್ಪನವರು ನಕ್ಕು ಸುಮ್ಮನಾಗುತ್ತಿದ್ದರು. ಬೆಳೆಯುತ್ತ ಬೆಳೆಯುತ್ತ ಅವಳು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದಳು. ಆದರೆ ಅಪ್ಪನ ಮನಸ್ಸಿನಲ್ಲಿ ಒಂದು ಕೊರಗು ಉಳಿದುಬಿಟ್ಟಿತು. ಬುದ್ಧಿ ಇದೆ, ಚುರುಕಿದೆ, ಪಾಪ, ಕೂಸಿಗೆ ಬಣ್ಣ ಮಾತ್ರ ಗೊತ್ತಾಗುವುದಿಲ್ಲ. ಈ ದುಃಖವನ್ನು ಅವರು ಹೆಂಡತಿ ಸುಮಿತ್ರಮ್ಮನ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೆಣ್ಣುಮಗಳ ವಿಷಯ, ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ ಏನು ಗತಿ?

ಇಷ್ಟರಲ್ಲಿ ಅಮೃತಾ ದ್ವಿತೀಯ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಳು. ಸಮಾಜದ ಭವನದಲ್ಲಿ ಪ್ರತಿಭಾ ಪುರಸ್ಕಾರ ಏರ್ಪಾಡಾಯಿತು. ಮಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು, ಅಪ್ಪನಿಗೆ ಮೈಕನ್ನೂ ಕೊಟ್ಟರು. ಮೈಕು ಕೈಗೆ ಬಂದ ಮೇಲೆ ತನ್ನ ಅಳತೆ ನೆನಪಿಟ್ಟುಕೊಂಡ ಗಂಡಸು ಸೋಮವಾರಪೇಟೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

"ನನ್ನ ಮಗಳು ಏನು ಓದ್ತೀನಿ ಅಂದ್ರೂ ಓದಿಸ್ತೀನಿ!" ಎಂದು ಗುಡುಗಿದರು ಶಿವಶಂಕರಪ್ಪನವರು. "ಭೂಮಿ ಮೇಲೆ ಯಾವ ದೇಶಕ್ಕೆ ಹೋಗ್ತೀನಿ ಅಂದ್ರೂ ಕಳಿಸ್ತೀನಿ! ಈ ಸಭೆ ಸಾಕ್ಷಿ!"

ಅವರ ಲೆಕ್ಕಾಚಾರದಲ್ಲಿ ಭೂಮಿಯೆಂದರೆ ಹಾಸನದವರೆಗೆ, ಬಹಳವೆಂದರೆ ಮೈಸೂರು. ಅಮೃತಾ ನಿಧಾನವಾಗಿ ಎದ್ದು ಬಂದು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡಳು.

"ಥ್ಯಾಂಕ್ಸ್ ಅಪ್ಪ. ನಾನು ಸೌತ್ ಆಫ್ರಿಕಾದಲ್ಲಿ ಕಮರ್ಷಿಯಲ್ ಪೈಲಟ್ ಟ್ರೈನಿಂಗ್ ತಗೊಳ್ತೀನಿ. ಅರ್ಜಿ ಹಾಕಿದ್ದೆ, ಸೀಟ್ ಸಿಕ್ಕಿದೆ. ನಿಮ್ಮನ್ನ ಹೆಂಗೆ ಕೇಳೋದು ಅಂತ ಯೋಚನೆ ಮಾಡ್ತಿದ್ದೆ."

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಸುಮಿತ್ರಮ್ಮನ ತಮ್ಮ, ಸೋಮವಾರಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚಿದಾನಂದ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಶಿವಶಂಕರಪ್ಪನವರು ನಗುತ್ತಲೇ ಇದ್ದರು, ಏಕೆಂದರೆ ಆ ಕ್ಷಣದಲ್ಲಿ ಮುಖವನ್ನು ಬೇರೆ ಯಾವ ಆಕಾರಕ್ಕೆ ತರುವುದೆಂದು ಅವರಿಗೆ ತಿಳಿಯಲಿಲ್ಲ.

ಖರ್ಚಿನ ಮಾತು ಅಷ್ಟು ದೊಡ್ಡದಾಗಿರಲಿಲ್ಲ. ಎರಡು ವರ್ಷ ಶುಂಠಿ ಕೈಹಿಡಿದಿತ್ತು, ಬ್ಯಾಂಕಿನವರೂ ಒಪ್ಪುವಂತಿದ್ದರು. ವಿಮಾನದ ಭಯವೂ ಅಲ್ಲ. ಸತ್ಯವೆಂದರೆ, ಮಗಳಿಲ್ಲದ ಕಣವನ್ನು ಅವರಿಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಡೀ ಸಭೆಯನ್ನು ಸಾಕ್ಷಿಗೆ ಕರೆದ ಮನುಷ್ಯನಿಗೆ ಹಾಗೆಲ್ಲ ಹೇಳಲಾಗುತ್ತದೆಯೇ? ಮರ್ಯಾದೆಯೂ ಉಳಿಯಬೇಕು, ಮಗಳೂ ಉಳಿಯಬೇಕು. ಅಂಥದೊಂದು ಉಪಾಯ ಬೇಕಿತ್ತು.

ಉಪಾಯವನ್ನು ಒದಗಿಸಿದವನು ಪಕ್ಕದ ಮನೆಯ ರೇವಣ್ಣ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಚಕ್ರವಿರುವ ಯಾವ ವಾಹನದ ಬಗ್ಗೆಯಾದರೂ ಅಧಿಕಾರವಾಣಿಯಿಂದ ಮಾತಾಡಬಲ್ಲ, ವಿಮಾನಕ್ಕೂ ಚಕ್ರವಿದೆ.

"ಪೈಲಟ್ ಆಗೋದು ಅಂದ್ರೆ ಹುಡುಗಾಟ ಅಲ್ಲ ಶಿವಶಂಕರಪ್ಪ," ಎಂದ ಮರುದಿನ ಬೆಳಿಗ್ಗೆ ಬೇಲಿಯ ಮೇಲೆ ಕೈಯೂರಿ. "ಮೊದ್ಲು ಮೆಡಿಕಲ್ ಆಗ್ಬೇಕು. ನಮ್ಗೆಲ್ಲ ಕಣ್ಣು ಇದ್ಯಾ ಅಂತ ನೋಡಿ ಬಿಡ್ತಿದ್ರು. ಅವ್ರಿಗೆ ಬಣ್ಣ ಬಣ್ಣದ ಚುಕ್ಕಿ ಪುಸ್ತಕ ತೋರಿಸ್ತಾರೆ. ಕೆಂಪು ಹಸಿರು ಗೊತ್ತಾಗ್ಲಿಲ್ಲ ಅಂದ್ರೆ ಮುಗೀತು, ವಿಮಾನದ ಹತ್ರಾನೂ ಬಿಡಲ್ಲ."

ಶಿವಶಂಕರಪ್ಪನವರು ಕಾಫಿ ಲೋಟವನ್ನು ಬೇಲಿಯ ಗೂಟದ ಮೇಲಿಟ್ಟರು.

"ಬಣ್ಣ ಗೊತ್ತಾಗ್ಲಿಲ್ಲ ಅಂದ್ರೆ... ಬಿಡೋದೇ ಇಲ್ವಾ?"

"ಬಿಡೋದೇ ಇಲ್ಲ."

ಇಂಥ ಸಂತೋಷವನ್ನು ಅವರು ಕಾಳುಮೆಣಸಿಗೆ ಬೆಲೆ ಬಂದಾಗಲೂ ಅನುಭವಿಸಿರಲಿಲ್ಲ. ಮಗಳ ಕಣ್ಣಿನ ದೋಷವೆಂದು ಇಷ್ಟು ವರ್ಷ ಕೊರಗಿದ್ದು ಈಗ ಕುಲದೇವರ ವರವಾಗಿ ಕಂಡಿತು. ಅಂದೇ ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಂಭೀರವಾಗಿ ಘೋಷಿಸಿದರು:

"ಅಮೃತಾ, ನಾನು ಮಾತಿಗೆ ತಪ್ಪೋನಲ್ಲ. ಬೆಂಗಳೂರಲ್ಲಿ ಡಾಕ್ಟ್ರು ನೋಡಿ ಪಾಸು ಅಂದ್ರೆ ನಾಳೇನೇ ಹೋಗು. ಫೇಲು ಅಂದ್ರೆ ಮಾತ್ರ ಹಾಸನದಲ್ಲಿ ಬಿಎಸ್ಸಿ. ಆಯ್ತಾ?"

"ಆಯ್ತಪ್ಪ," ಎಂದಳು ಅಮೃತಾ.

ಸುಮಿತ್ರಮ್ಮ ಗಂಡನ ಎಲೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕುತ್ತ, "ಕಣ್ಣು ಪರೀಕ್ಷೆನೂ ಇರುತ್ತಾ?" ಎಂದು ಕೇಳಿದಳು.

"ಅದೇ ಮುಖ್ಯ," ಎಂದರು ಶಿವಶಂಕರಪ್ಪನವರು. ಸುಮಿತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಗುಟ್ಟನ್ನು ಅಷ್ಟಕ್ಕೇ ಇಟ್ಟುಕೊಂಡಿದ್ದರೆ ಶಿವಶಂಕರಪ್ಪನವರು ಶಿವಶಂಕರಪ್ಪನವರೇ ಅಲ್ಲ. ನಾಳೆ ಮಗಳು ಫೇಲಾಗಿ ಬಂದಾಗ ಊರವರು ಗಾಬರಿಯಾಗಬಾರದೆಂದು ಒಬ್ಬೊಬ್ಬರನ್ನೇ ಮೊದಲೇ ಸಿದ್ಧಗೊಳಿಸತೊಡಗಿದರು. "ಯಾರಿಗೂ ಹೇಳ್ಬೇಡ, ಕೂಸಿಗೆ ಕೆಂಪು ಹಸಿರು ಗೊತ್ತಾಗಲ್ಲ," ಎಂದು ರೇವಣ್ಣನಿಗೆ ಹೇಳಿದರು. ಹಾಲಿನ ಡೈರಿಯಲ್ಲಿ ಹೇಳಿದರು. ಕ್ಷೌರದಂಗಡಿಯಲ್ಲಿ, ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಹೇಳಿದರು. ಕೊನೆಗೆ ತೋಟದಲ್ಲಿ ಕಳೆ ತೆಗೆಯುತ್ತಿದ್ದ ವಿಮಲಮ್ಮನಿಗೂ ಹೇಳಿದರು.

ವಿಮಲಮ್ಮ ಕತ್ತಿ ಕೆಳಗಿಟ್ಟು ಅವರನ್ನೇ ನೋಡಿದಳು. "ಕಣ್ಣು ಯಾರದ್ದು ಅಂದ್ರಿ ಅಣ್ಣ?"

"ಅಮೃತಂದು."

"ಓಹೋ," ಎಂದಳು ವಿಮಲಮ್ಮ. ಪಕ್ಕದ ಸಾಲಿನಲ್ಲಿದ್ದ ಹೆಂಗಸರಿಗೆ ಏಕಕಾಲದಲ್ಲಿ ಕೆಮ್ಮು ಬಂತು. ಮಳೆಗಾಲ ಶುರುವಾಗುವ ಮೊದಲೇ ಇವರಿಗೆಲ್ಲ ಶೀತವಾಗಿದೆ ಎಂದುಕೊಂಡು ಶಿವಶಂಕರಪ್ಪನವರು ಮುಂದೆ ನಡೆದರು.

ಸುದ್ದಿ ಸೋಮವಾರಪೇಟೆ ತಲುಪುವಷ್ಟರಲ್ಲಿ ಬಣ್ಣ ಬಿಟ್ಟುಹೋಗಿ ಬರೀ ಕಣ್ಣು ಉಳಿದಿತ್ತು. ಅಮೃತಾಗೆ ದೃಷ್ಟಿಯೇ ಹೋಗುತ್ತಿದೆಯಂತೆ! ಚಿದಾನಂದ ಕಾರಿನಲ್ಲಿ ಹತ್ತು ಕೆಜಿ ಕ್ಯಾರೆಟ್ಟು, ಕಣ್ಣಿಗೆ ಒಳ್ಳೆಯದೆಂದು ಒಂದು ಗೋಣಿ ಹೊನಗೊನ್ನೆ ಸೊಪ್ಪು ತುಂಬಿಕೊಂಡು ಬಂದಿಳಿದ. ಬಂದವನೇ ಸೋದರ ಸೊಸೆಯ ಮುಂದೆ ಐದು ಬೆರಳು ಹಿಡಿದು, "ಎಷ್ಟು ಹೇಳು ಪುಟ್ಟಾ?" ಎಂದ.

"ಐದು ಮಾವ."

"ಅಯ್ಯೋ, ಇನ್ನೂ ಅಷ್ಟೊಂದು ಕಾಣುತ್ತೆ!" ಎಂದು ಕಣ್ಣೀರು ಒರೆಸಿಕೊಂಡು, ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದ. ಒಳಗೆ ಒಂದು ಜೊತೆ ಬೆಳ್ಳಿಯ ಕಣ್ಣು. "ಅಕ್ಕಾ, ಅಮ್ಮನವರಿಗೆ ಹರಕೆ ಹೊತ್ತು ಬಂದಿದೀನಿ. ಪರೀಕ್ಷೆಗೆ ಮುಂಚೆ ಒಪ್ಪಿಸಿಬಿಡಾನ."

ಸುಮಿತ್ರಮ್ಮ ಬೆಳ್ಳಿ ಕಣ್ಣುಗಳನ್ನು ಕೈಯಲ್ಲಿ ಹಿಡಿದು ನೋಡಿ, "ಇನ್ನೊಂದ್ಸಲ ಕೊಡೋದಾ?" ಎಂದು ಗೊಣಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಒಂದು ವಾರ ಮನೆಯಲ್ಲಿ ಕ್ಯಾರೆಟ್ ಪಲ್ಯ, ಕ್ಯಾರೆಟ್ ಸಾರು, ಕ್ಯಾರೆಟ್ ಹಲ್ವ. ಪರೀಕ್ಷೆಗೆ ಕೂರಬೇಕಾದವಳು ತಿಂದದ್ದಕ್ಕಿಂತ ಪರೀಕ್ಷೆ ಮಾಡಿಸಲು ಹೊರಟವರು ತಿಂದದ್ದೇ ಹೆಚ್ಚು.

ಪರೀಕ್ಷೆಗೆ ಗೊತ್ತುಮಾಡಿದ ದಿನ ಮುಂಜಾನೆ ಚಿದಾನಂದನೂ ಸೇರಿ ನಾಲ್ವರು ಜೀಪಿನಲ್ಲಿ ಬೆಂಗಳೂರಿಗೆ ಹೊರಟರು. ಸ್ಟಿಯರಿಂಗ್ ಹಿಡಿದವರು ಶಿವಶಂಕರಪ್ಪನವರು. ಅವರ ಊರಲ್ಲಿ ಸಿಗ್ನಲ್ ದೀಪವೆಂಬುದಿಲ್ಲ, ಎದುರಿಗೆ ಬಂದವನ ಪರಿಚಯದ ಮೇಲೆ ಯಾರು ಮೊದಲು ಹೋಗಬೇಕೆಂದು ತೀರ್ಮಾನವಾಗುತ್ತದೆ. ಬೆಂಗಳೂರಿನ ದೀಪಗಳಿಗೆ ಅವರದೇ ಒಂದು ಪದ್ಧತಿ ಇತ್ತು: ಮುಂದಿನವನು ನಿಂತರೆ ನಿಲ್ಲು, ಹಿಂದಿನವನು ಹಾರನ್ ಹೊಡೆದರೆ ಹೊರಡು. ತುಮಕೂರು ರಸ್ತೆಯ ಒಂದು ಸಿಗ್ನಲ್ಲಿನಲ್ಲಿ ಮುಂದೆ ಯಾರೂ ಇರಲಿಲ್ಲ. ಜೀಪು ಗಾಂಭೀರ್ಯದಿಂದ ಸಾಗಿಯೇಬಿಟ್ಟಿತು. ಪೊಲೀಸು ಶಿಳ್ಳೆ ಹಾಕಿ ಹಿಡಿದ.

"ಏನ್ರೀ, ಕೆಂಪು ಬಿದ್ದಿದ್ದು ಕಾಣಿಸ್ಲಿಲ್ವಾ?"

"ಕೊಡಗಿನ ನಂಬರ್ ಪ್ಲೇಟ್ ಕಂಡ್ರೆ ನಿಮ್ಗೆಲ್ಲ ಕೆಂಪೇ ಬೀಳೋದು," ಎಂದು ಶಿವಶಂಕರಪ್ಪನವರು ವಾದಕ್ಕಿಳಿದರು. ಸುಮಿತ್ರಮ್ಮ ಇಳಿದು ಹೋಗಿ ಪೊಲೀಸಿನವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಶಿವಶಂಕರಪ್ಪನವರನ್ನು ಕನಿಕರದಿಂದ ನೋಡಿ, "ಇನ್ಮೇಲೆ ಮಗಳು ಓಡಿಸ್ಲಿ ಸಾರ್," ಎಂದು ಬಿಟ್ಟುಕಳಿಸಿದ. ಅಮೃತಾ ಸ್ಟಿಯರಿಂಗಿಗೆ ಬಂದಳು. ಕೊಡಗಿನವರೆಂದರೆ ಪೊಲೀಸಿಗೂ ಗೌರವ ಎಂದು ಶಿವಶಂಕರಪ್ಪನವರು ದಾರಿಯುದ್ದಕ್ಕೂ ಭಾವಮೈದುನನಿಗೆ ವಿವರಿಸಿದರು.

ಪರೀಕ್ಷಿಸಿದವರು ದಿವ್ಯಶ್ರೀ ಎಂಬ ಡಾಕ್ಟರು, ವಯಸ್ಸು ಮೂವತ್ತರೊಳಗೆ. ತೂಕ, ರಕ್ತದೊತ್ತಡ, ಕಿವಿ, ಎಲ್ಲದರಲ್ಲೂ ಅಮೃತಾ ಪಾಸು. ಕೊನೆಗೆ ಚುಕ್ಕಿ ಪುಸ್ತಕ ಬಂತು. ಶಿವಶಂಕರಪ್ಪನವರು ಮಗಳ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕುಳಿತರು.

"ಯಾವ ನಂಬರ್ ಕಾಣುತ್ತೆ ಹೇಳಿ," ಎಂದರು ಡಾಕ್ಟರು, ಮೊದಲ ಪುಟ ತೆರೆದು.

"ಹನ್ನೆರಡು," ಎಂದಳು ಅಮೃತಾ.

ಶಿವಶಂಕರಪ್ಪನವರಿಗೂ ಹನ್ನೆರಡೇ ಕಂಡಿತು. ಅದೃಷ್ಟಕ್ಕೆ ಹೇಳಿದಳು ಎಂದುಕೊಂಡರು. ಎರಡನೇ ಪುಟ.

"ಎಂಟು."

ಶಿವಶಂಕರಪ್ಪನವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದರು. ಪುಟದಲ್ಲಿದ್ದದ್ದು ಮೂರು. ಸ್ಪಷ್ಟವಾಗಿ ಮೂರು!

"ಇಪ್ಪತ್ತೊಂಬತ್ತು," ಎಂದಳು ಅಮೃತಾ ಮೂರನೆಯದಕ್ಕೆ. ಇದ್ದದ್ದು ಎಪ್ಪತ್ತು.

ಅವರು ಗೆದ್ದಿದ್ದರು. ಮಗಳು ಫೇಲು, ಮರ್ಯಾದೆ ಪಾಸು, ಹಾಸನದಲ್ಲಿ ಬಿಎಸ್ಸಿ. ಆದರೆ ಎದುರಿಗೆ ಕುಳಿತ ಮಗಳ ಜಡೆ ಕಂಡಿತು. ಹಾರಬೇಕೆಂಬ ಆಸೆಯಿಂದ ನೆಟ್ಟಗೆ ಕುಳಿತು, ಅಷ್ಟು ಧೈರ್ಯವಾಗಿ, ಅಷ್ಟು ತಪ್ಪಾಗಿ ಉತ್ತರ ಹೇಳುತ್ತಿದ್ದಾಳೆ. ಶಿವಶಂಕರಪ್ಪನವರಿಗೆ ತಡೆಯಲಾಗಲಿಲ್ಲ. ತನ್ನ ಕೂಸು ಒಬ್ಬ ಡಾಕ್ಟರ ಮುಂದೆ ಹೀಗೆ ಸೋಲುವುದನ್ನು ನೋಡುತ್ತ ಕೂರುವುದು ಯಾವ ಅಪ್ಪನಿಗಾದರೂ ಸಾಧ್ಯವೇ? ಮುಂದಕ್ಕೆ ಬಾಗಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು:

"ಎರಡು ಕಣವ್ವಾ. ಎರಡು ಅನ್ನು."

"ಐದು," ಎಂದಳು ಅಮೃತಾ.

"ಮುಂದಿಂದು ಇಪ್ಪತ್ತೊಂದು! ಇಪ್ಪತ್ತೊಂದು!"

"ಎಪ್ಪತ್ತನಾಲ್ಕು."

"ಅಯ್ಯೋ ನನ್ನ ಕೂಸೇ!"

"ಸಾರ್, ನೀವು ಸುಮ್ನಿರಿ," ಎಂದರು ಡಾಕ್ಟರು. ಮುಂದಿನ ಪುಟದಲ್ಲಿ ಏನೂ ಇರಲಿಲ್ಲ. ಅಮೃತಾ, "ಆರು," ಎಂದಳು. ಶಿವಶಂಕರಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

"ಡಾಕ್ಟ್ರೇ, ಇದು ಅನ್ಯಾಯ! ಖಾಲಿ ಪುಟ ತೋರಿಸಿ ನಂಬರ್ ಕೇಳಿದ್ರೆ ಕೂಸು ಏನು ಮಾಡುತ್ತೆ? ಹೆದರಿ ಬಾಯಿಗೆ ಬಂದಿದ್ದು ಹೇಳ್ತಿದೆ!"

ಡಾಕ್ಟರು ಒಂದು ಕ್ಷಣ ಅವರನ್ನು ನೋಡಿದರು. ಆಮೇಲೆ ಬೇಕೆಂದೇ ಕೊನೆಯ ಪುಟಗಳಲ್ಲೊಂದನ್ನು ತೆಗೆದರು.

"ಇದ್ರಲ್ಲಿ?"

"ಏನೂ ಇಲ್ಲ," ಎಂದಳು ಅಮೃತಾ.

"ನಲವತ್ತೈದು!" ಎಂದು ಕೂಗಿದರು ಶಿವಶಂಕರಪ್ಪನವರು. "ಎಮ್ಮೆಯಷ್ಟು ದಪ್ಪಕ್ಕೆ ನಲವತ್ತೈದು ಇದೆ! ಕಾಣಲ್ವಾ ಪುಟ್ಟಿ?"

ಬಾಗಿಲ ಬಳಿ ನಿಂತಿದ್ದ ಚಿದಾನಂದ ಇಣುಕಿ ನೋಡಿ, "ಭಾವಾ, ಅಲ್ಲಿ ಏನೂ ಇಲ್ವಲ್ಲ," ಎಂದ.

ಡಾಕ್ಟರು ಪುಸ್ತಕ ಮುಚ್ಚಿದರು. "ನಿಮ್ಮ ಮಗಳು ಪಾಸು ಸಾರ್. ಒಂದೂ ತಪ್ಪಿಲ್ಲ. ಫೇಲಾಗಿರೋದು ನೀವು."

"ನಾನು ಪರೀಕ್ಷೆಗೇ ಕಟ್ಟಿಲ್ವಲ್ಲ!"

"ನಿಮಗೆ ಹುಟ್ಟಿನಿಂದ ಕೆಂಪು ಹಸಿರು ಸರಿಯಾಗಿ ಗೊತ್ತಾಗಲ್ಲ. ಕೆಲವು ಪುಟ ಹಿಂಗೆ ತಪ್ಪಾಗಿ ಕಾಣೋದು, ಖಾಲಿ ಪುಟದಲ್ಲಿ ನಂಬರ್ ಕಾಣೋದು, ಎಲ್ಲ ಅದಕ್ಕೇ. ಏನೂ ತೊಂದರೆ ಇಲ್ಲ, ಬೇಕಾದಷ್ಟು ಗಂಡಸರಿಗೆ ಇರುತ್ತೆ. ಬಣ್ಣ ನೋಡೋ ಕೆಲಸದಲ್ಲಿ ಇಲ್ದಿದ್ರೆ ಗೊತ್ತೂ ಆಗಲ್ಲ. ನೀವೇನು ಕೆಲಸ ಮಾಡ್ತೀರಿ?"

"ಕಾಫಿ ಪ್ಲಾಂಟರು," ಎಂದರು ಶಿವಶಂಕರಪ್ಪನವರು ಕ್ಷೀಣ ದನಿಯಲ್ಲಿ. "ಹಣ್ಣು ನೋಡ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಹೆಗಲು ಸ್ವಲ್ಪ ಹೊತ್ತು ಅಲುಗಾಡುತ್ತಿತ್ತು.

ವಾಪಸು ಬರುವಾಗಲೂ ಜೀಪು ಓಡಿಸಿದವಳು ಅಮೃತಾ. ಹಾಸನ ದಾಟಿದ ಮೇಲೆ ಶಿವಶಂಕರಪ್ಪನವರು ಹಿಂದಿನ ಸೀಟಿನಲ್ಲಿ ಹೆಂಡತಿಯ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಮದುವೆಯಾದ ವರ್ಷವೇ," ಎಂದಳು ಸುಮಿತ್ರಮ್ಮ. "ಗಿಣಿಹಸಿರು ಸೀರೆ ಅಂತ ತಂದುಕೊಟ್ರಲ್ಲ, ಅದು ಇಟ್ಟಿಗೆ ಬಣ್ಣ. ಆವತ್ತೇ ಅಮ್ಮನವರಿಗೆ ಒಂದು ಜೊತೆ ಬೆಳ್ಳಿ ಕಣ್ಣು ಒಪ್ಪಿಸಿ ಬಂದೆ."

"ಮತ್ತೆ ಅದನ್ನ ಇಪ್ಪತ್ತು ವರ್ಷ ಉಟ್ಟೆಯಲ್ಲ!"

"ಹಸಿರು ನಿಂಗೆ ಒಪ್ಪುತ್ತೆ ಅಂದ್ರಿ. ಉಟ್ಟೆ."

ಶಿವಶಂಕರಪ್ಪನವರು ಊರು ಬರುವ ಮೊದಲೇ ಎಲ್ಲರಿಂದಲೂ ಆಣೆ ಮಾಡಿಸಿಕೊಂಡರು. ಈ ವಿಷಯ ಜೀಪಿನಿಂದ ಆಚೆ ಹೋಗಬಾರದು. ಹಣ್ಣು ನೋಡುವ ಕಣ್ಣಿನ ಹೆಸರು ಹೋದರೆ ಊರಲ್ಲಿ ತಲೆ ಎತ್ತುವುದು ಹೇಗೆ? ಚಿದಾನಂದ ವಿಭೂತಿ ಮುಟ್ಟಿ ಆಣೆ ಮಾಡಿದ.

ಮನೆಯ ಮುಂದೆ ಜೀಪು ನಿಂತಾಗ ಸಾಯಂಕಾಲದ ಬಿಸಿಲು ಕಣದ ಮೇಲಿತ್ತು. ರೇವಣ್ಣ, ವಿಮಲಮ್ಮ, ಅವಳ ಜೊತೆಯ ಹೆಂಗಸರು, ಹಾಲಿನ ಡೈರಿಯವರು, ಕ್ಷೌರದಂಗಡಿಯವನು, ಎಲ್ಲರೂ ಕಾಯುತ್ತಿದ್ದರು. ರೇವಣ್ಣ ಅಮೃತಾಳನ್ನು ಕಂಡು ಮರುಕದಿಂದ, "ಪರ್ವಾಗಿಲ್ಲ ಕೂಸೇ, ಬಣ್ಣ ಕಾಣ್ದಿದ್ರೇನು, ಬಿಎಸ್ಸಿ ಓದಬಹುದು," ಎಂದ.

ಅಮೃತಾ ಅಪ್ಪನ ಕಡೆ ನೋಡಿ, ಆಣೆ ನೆನಪಾಗಿ, ತಲೆತಗ್ಗಿಸಿ ಸುಮ್ಮನೆ ನಿಂತಳು. ಕುರುಡಿ ಎಂಬ ಹೆಸರನ್ನು ಅಪ್ಪನಿಗಾಗಿ ಹೊತ್ತುಕೊಂಡು ನಿಂತಳು. ಶಿವಶಂಕರಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಸಭೆಯಲ್ಲಿ ಗುಡುಗಿದ ಗಂಟಲಿನಿಂದ ಈಗ ಇಲಿಯಷ್ಟು ದನಿ ಬಂತು.

"ಕೂಸಿನ ಕಣ್ಣು ಸರಿ ಇದೆ. ಕೆಂಪು ಹಸಿರು ಕಾಣದೇ ಇರೋದು... ನಂಗೆ."

ವಿಮಲಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಅಣ್ಣ, ಇದನ್ನ ತಿಳ್ಕೊಳ್ಳೋಕೆ ಬೆಂಗಳೂರಿಗೆ ಹೋಗಿದ್ರಾ?" ಎಂದಳು.

"ಅಂದ್ರೆ... ನಿಂಗೂ ಗೊತ್ತಿತ್ತಾ?"

"ಗೊತ್ತಿಲ್ದೆ? ಹಣ್ಣೆಲ್ಲ ಕಾಯಿ ಅಂತಿದ್ರಿ. ಯಜಮಾನ್ರಿಗೆ ಬೇಜಾರಾಗುತ್ತೆ ಅಂತ ಬಾಯಿ ಬಿಡ್ಲಿಲ್ಲ. ಅಮೃತಮ್ಮ ನಿಮ್ಮ ಬೆನ್ನ ಹಿಂದೆ ನಿಂತು ಹೌದು ಇಲ್ಲ ಅಂತ ತಲೆ ಆಡಿಸೋಳು. ನಾವು ನಿಮ್ಮ ಮಾತಿಗೆ ಹೂಂ ಅಂದು, ಅವಳ ತಲೆ ನೋಡ್ಕೊಂಡು ಧೈರ್ಯವಾಗಿ ನಮ್ಮ ಕಣ್ಣಿಗೆ ಕಂಡಂಗೆ ಆರಿಸ್ತಿದ್ವಿ."

ಶಿವಶಂಕರಪ್ಪನವರು ಮಗಳ ಕಡೆ ತಿರುಗಿದರು. ಇಷ್ಟು ವರ್ಷ ಕಣದಲ್ಲಿ ತನ್ನ ಹಿಂದೆ ಆಡುತ್ತಿದ್ದಾಳೆಂದುಕೊಂಡಿದ್ದ ಕೂಸು ತನ್ನ ಹೆಸರನ್ನು ಕಾಯುತ್ತ ನಿಂತಿತ್ತು. ಅವರ ಕಣ್ಣು ತುಂಬಿತು.

"ನೀನು ಹೋದ್ರೆ ನನ್ನ ಹಿಂದೆ ಯಾರು ನಿಲ್ತಾರೆ ಪುಟ್ಟಿ?" ಎಂದರು. ಇಷ್ಟು ದಿನ ಹೊಟ್ಟೆಯೊಳಗಿದ್ದ ಮಾತು ಹೀಗೆ ಹೊರಬಂತು. "ಅದಕ್ಕೇ ನಂಗೆ ನಿನ್ನ ಕಳಿಸೋಕೆ ಇಷ್ಟ ಇರ್ಲಿಲ್ಲ."

"ಹಿಂದೆ ಯಾರೂ ನಿಲ್ಲೋದು ಬೇಡಪ್ಪ," ಎಂದಳು ಅಮೃತಾ, ಮೂಗು ಒರೆಸಿಕೊಳ್ಳುತ್ತ. "ಮುಂದೆ ವಿಮಲಮ್ಮ ಕೂತಿರ್ತಾರೆ. ಅವ್ರನ್ನ ಕೇಳಿ, ಅಷ್ಟೇ."

ಶಿವಶಂಕರಪ್ಪನವರು ಮಗಳ ತಲೆ ಸವರಿದರು. ಮೈಕಿಲ್ಲದೆ, ಯಾರನ್ನೂ ಸಾಕ್ಷಿಗೆ ಕರೆಯದೆ, "ಹೋಗಿ ಬಾ," ಎಂದರು. ಆಣೆಯ ಭಾರದಿಂದ ಬೆವರುತ್ತಿದ್ದ ಚಿದಾನಂದ ಆಗ ನಿರಾಳವಾಗಿ, ಬೆಂಗಳೂರಿನ ನಲವತ್ತೈದರ ಕಥೆಯನ್ನು ರೇವಣ್ಣನಿಗೆ ಮೊದಲಿನಿಂದ ಹೇಳಲು ಕುಳಿತ.

ಅಮೃತಾ ಆಗಸ್ಟಿನಲ್ಲಿ ಹೊರಟಳು. ಡಿಸೆಂಬರ್ ಬಂತು, ಪಿಕ್ಕಿಂಗ್ ಬಂತು. ಕಣದಲ್ಲಿ ಶಿವಶಂಕರಪ್ಪನವರು ಈಗಲೂ ಬೆತ್ತ ಹಿಡಿದು ನಡೆಯುತ್ತಾರೆ, ಬಗ್ಗುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ, ಎಡಗಣ್ಣು ಮುಚ್ಚುತ್ತಾರೆ. ಅಷ್ಟೂ ಆದ ಮೇಲೆ, "ಇದೇನು ವಿಮಲಮ್ಮ?" ಎಂದು ಕೇಳುತ್ತಾರೆ. ಆ ವರ್ಷದ ಅವರ ಕಾಫಿಯನ್ನು ಕೊಂಡವರು, ನಿಮ್ಮ ಕಣ್ಣೇ ಕಣ್ಣು ಎಂದು ಹೊಗಳಿದರು. ಅವರು ಇಲ್ಲವೆನ್ನಲಿಲ್ಲ.

ಒಂದು ಸಾಯಂಕಾಲ ಮೊಬೈಲಿಗೆ ಒಂದು ಫೋಟೋ ಬಂತು. ಅಮೃತಾ ವಿಮಾನ ಇಳಿಸುತ್ತಿರುವಾಗ ಹಿಂದಿನ ಸೀಟಿನಲ್ಲಿದ್ದ ಗೆಳತಿ ತೆಗೆದದ್ದು. ದೂರದಲ್ಲಿ ರನ್‌ವೇ, ಅದರ ಪಕ್ಕದಲ್ಲಿ ಸಾಲಾಗಿ ನಾಲ್ಕು ಪುಟ್ಟ ದೀಪ. ಕೆಳಗೆ ಮಗಳ ಬರಹ: 'ಅಪ್ಪಾ, ನಾಲ್ಕೂ ಬಿಳಿ ಕಂಡರೆ ತುಂಬಾ ಮೇಲಿದ್ದೇವೆ ಅಂತ, ನಾಲ್ಕೂ ಕೆಂಪು ಕಂಡರೆ ತುಂಬಾ ಕೆಳಗಿದ್ದೇವೆ ಅಂತ. ಎರಡು ಕೆಂಪು, ಎರಡು ಬಿಳಿ ಕಂಡರೆ ಸರಿಯಾಗಿ ಇಳೀತಿದ್ದೇವೆ ಅಂತ ಅರ್ಥ.'

ಶಿವಶಂಕರಪ್ಪನವರು ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಎಡಗಣ್ಣು ಮುಚ್ಚಿದರು, ಬಲಗಣ್ಣು ಮುಚ್ಚಿದರು. ಹಣ್ಣಿನ ರಾಶಿಯ ಮುಂದೆ ಕುಳಿತಿದ್ದ ವಿಮಲಮ್ಮನ ಪಕ್ಕದಲ್ಲಿ ನೆಲಕ್ಕೇ ಕುಳಿತು ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದರು.

"ನೋಡಿ ಹೇಳು. ಈ ನಾಲ್ಕು ಏನೇನು?"

ವಿಮಲಮ್ಮ ಕೈಯ ಅಂಟನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದಳು.

"ಎರಡು ಹಣ್ಣು ಅಣ್ಣ. ಎರಡು ಬಿಳಿ."

ಶಿವಶಂಕರಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು.

"ಹಂಗಾದ್ರೆ ಇಳೀಲಿ ಬಿಡು," ಎಂದರು.